ಬಿಟ್ಟ ಮೇಲಿನ ಸಂಜೆ

ಹಳೇಬೀಡಿಗೆ ಬರುವ ಪ್ರವಾಸಿ ಬಸ್ಸುಗಳು ಹೊಯ್ಸಳೇಶ್ವರ ದೇವಾಲಯದ ಮುಂದೆ ಜನರನ್ನು ಇಳಿಸಿ, ಒಂದು ಒಂದೂವರೆ ಗಂಟೆಯಲ್ಲಿ ಮತ್ತೆ ಹತ್ತಿಸಿಕೊಂಡು ಬೇಲೂರಿಗೆ ಹೊರಟುಬಿಡುತ್ತವೆ. ಅಲ್ಲಿಂದ ತುಸುವೇ ದೂರದ ಬಸ್ತಿಹಳ್ಳಿಯ ಮೂರು ಜೈನ ಬಸದಿಗಳ ಕಡೆಗೆ ಕಾಲು ಹಾಕುವವರು ಕಡಿಮೆ. ಮೂರರಲ್ಲಿ ಹೆಸರಾದದ್ದು ಪಾರ್ಶ್ವನಾಥ ಬಸದಿ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ ತಂದೆಯ ನೆನಪಿಗೆಂದು 1133ರಲ್ಲಿ ಕಟ್ಟಿಸಿದ್ದು. ಒಳಗಿನ ಕಂಬಗಳು ಎಷ್ಟು ನಯವಾಗಿವೆಯೆಂದರೆ ಎದುರು ನಿಂತವರ ರೂಪ ಅವುಗಳಲ್ಲಿ ಕಾಣುತ್ತದೆ. ಬಂದವರಿಗೆ ಮೊದಲು ತೋರಿಸುವುದು ಈ ಸೋಜಿಗವನ್ನೇ. ಆದರೆ ಇಂಥ ಬಸದಿಗಳಲ್ಲಿ ಇದಕ್ಕಿಂತ ದೊಡ್ಡ ಕೆಲಸವೊಂದು ನಡೆಯುತ್ತಿತ್ತು. ಗೃಹಸ್ಥನೊಬ್ಬ ತನ್ನನ್ನು ಹಿಡಿದುಕೊಂಡಿದ್ದನ್ನು ಬಿಡುತ್ತೇನೆಂದು ಗುರುವಿನೆದುರು ನುಡಿದು, ಬಿಟ್ಟ ಮೇಲೆ ಬದುಕುವುದು ಹೇಗೆಂಬುದನ್ನು ಕಲಿಯುತ್ತಿದ್ದುದು ಇಲ್ಲಿ.

ಶ್ರಾವಕನೆನಿಸಿಕೊಳ್ಳಬೇಕಾದರೆ ಮೊದಲು ಬಿಡಬೇಕಾದವು ಏಳು: ಜೂಜು, ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು, ಪರಸ್ತ್ರೀಸಂಗ. ಇವೇ ಸಪ್ತವ್ಯಸನಗಳು. ಈ ಪಟ್ಟಿಯಲ್ಲಿ ಅಪರಾಧಗಳೂ ಇವೆ, ಆ ಕಾಲದ ಅರಸರು ಹೆಮ್ಮೆಯಿಂದ ಆಡುತ್ತಿದ್ದ ಆಟಗಳೂ ಇವೆ. ಹದಿನಾರು ಕಿಲೋಮೀಟರು ಆಚೆಗೆ, ಅದೇ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾತಿಯೂ ಉಂಟು. ಒಂದು ಗುಡಿಯ ಶಿಲ್ಪಿ ಬೇಟೆಯನ್ನು ಸಿಂಗರಿಸಿದ. ಇನ್ನೊಂದು ಗುಡಿಯ ಗುರು ಅದನ್ನು ಕುಡಿತದ ಪಕ್ಕದಲ್ಲಿಟ್ಟು ಎಣಿಸಿದ. ಎಣಿಸಿದ ಕ್ರಮದಲ್ಲಿ ಒಂದು ತರ್ಕವಿದೆ: ಬೇಡವೆಂದು ತಿಳಿದ ಮೇಲೂ ಮನುಷ್ಯ ಬಿಡಲಾರದೆ ಹೋಗುವಂಥವು ಅವೆಲ್ಲ.

ವ್ಯಸನವೆಂಬ ಮಾತಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಸಂಸ್ಕೃತದಲ್ಲಿ ಅದಕ್ಕೆ ಆಪತ್ತು, ಹಾನಿ ಎಂದು ಅರ್ಥ. ವ್ಯಸನಗಳಿಗೆಂದೇ ಅರ್ಥಶಾಸ್ತ್ರದ ಎಂಟನೆಯ ಅಧಿಕರಣವನ್ನು ಮೀಸಲಿಟ್ಟ ಕೌಟಿಲ್ಯ, ಮನುಷ್ಯನನ್ನು ಅವನ ಶ್ರೇಯಸ್ಸಿನಿಂದ ಆಚೆಗೆ ಎಸೆಯುವುದೇ ವ್ಯಸನವೆಂದು ಬಿಡಿಸಿ ಹೇಳಿದ. ಕನ್ನಡಕ್ಕೆ ಬಂದ ಮೇಲೆ ಆ ಮಾತಿಗೆ ಎರಡು ಮುಖಗಳಾದವು. ಸಾವಿನ ಮನೆಗೆ ಹೋದ ಹಿರಿಯರು 'ವ್ಯಸನಪಡಬೇಡವ್ವ' ಎಂದು ಸಮಾಧಾನ ಹೇಳುತ್ತಾರೆ. ಅಲ್ಲಿ ವ್ಯಸನವೆಂದರೆ ದುಃಖ, ಚಿಂತೆ. ಅದೇ ಹಿರಿಯರು ಕುಡುಕನನ್ನು ತೋರಿಸಿ 'ಅವನಿಗೆ ವ್ಯಸನ ಅಂಟಿದೆ' ಎನ್ನುತ್ತಾರೆ. ಮನಸ್ಸಿನ ನೋವಿಗೂ ಬಿಡಲಾರದ ಚಟಕ್ಕೂ ಒಂದೇ ಹೆಸರು. ಇಂದಿನ ಮನೋವೈದ್ಯರು ಖಿನ್ನತೆಯನ್ನೂ ಕುಡಿತವನ್ನೂ ಜೊತೆಜೊತೆಗೆ ಪರೀಕ್ಷಿಸಬೇಕು, ಒಂದಕ್ಕೆ ಮದ್ದು ಕೊಟ್ಟು ಇನ್ನೊಂದನ್ನು ಮರೆಯಬಾರದು ಎನ್ನುವುದನ್ನು ನಮ್ಮ ಭಾಷೆ ಬಹಳ ಹಿಂದೆಯೇ ಅರಿತಿತ್ತೇನೋ.

ಬಿಡುತ್ತೇನೆಂದು ಹೇಳುವುದಕ್ಕೆ ಒಂದು ಗಳಿಗೆ ಸಾಕು. ಕಷ್ಟವಿರುವುದು ಆಮೇಲೆ ಬರುವ ಸಂಜೆಗಳಲ್ಲಿ. ಕೆಲಸ ಮುಗಿದು, ಮೈ ಸೋತು, ಕೈಯಲ್ಲಿ ಕೂಲಿಯ ಕಾಸಿರುವ ಆ ಎರಡು ಗಂಟೆಗಳಲ್ಲಿ ಏನು ಮಾಡಬೇಕು? ಜೈನರ ವ್ರತಪದ್ಧತಿ ಈ ಪ್ರಶ್ನೆಯನ್ನು ಖಾಲಿ ಬಿಟ್ಟಿರಲಿಲ್ಲ. ಸಾಮಾಯಿಕವೆಂದು ಒಂದು ನಿಯಮವುಂಟು. ನಲವತ್ತೆಂಟು ನಿಮಿಷ, ಅಂದರೆ ಹಳೆಯ ಲೆಕ್ಕದ ಒಂದು ಮುಹೂರ್ತ, ಒಂದೆಡೆ ಕುಳಿತು ಮನಸ್ಸನ್ನು ಸಮಸ್ಥಿತಿಗೆ ತರುವುದು. ಪ್ರತಿಕ್ರಮಣವೆಂದು ಇನ್ನೊಂದು. ಆ ದಿನ ತಪ್ಪಿದ್ದೆಲ್ಲಿ ಎಂದು ತಾನೇ ಹಿಂದಿರುಗಿ ನೋಡಿ ಒಪ್ಪಿಕೊಳ್ಳುವುದು. ವ್ರತ ಮುರಿದರೆ ಪ್ರಾಯಶ್ಚಿತ್ತವಿತ್ತು. ಮುರಿದವನು ಪ್ರಾಯಶ್ಚಿತ್ತ ಮಾಡಿಕೊಂಡು ಮತ್ತೆ ವ್ರತಕ್ಕೆ ಮರಳಬಹುದಿತ್ತು. ಇವು ಮೋಕ್ಷಕ್ಕಾಗಿ ಹುಟ್ಟಿದ ನಿಯಮಗಳೇ ಹೊರತು ಕುಡಿತ ಬಿಡಿಸುವುದಕ್ಕಾಗಿ ಅಲ್ಲ, ನಿಜ. ಆದರೂ 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್, ಬಿಟ್ಟವರು ಮರಳಿ ಬೀಳುವುದೇಕೆ ಎಂದು ಅಧ್ಯಯನ ಮಾಡಿ ಹೇಳಿದ್ದು ಇದರ ನೆರೆಹೊರೆಯ ಮಾತನ್ನೇ. ಕುಡಿಯಬೇಕೆಂಬ ಸೆಳೆತ ಅಲೆಯಂತೆ ಏರಿ, ತಾನಾಗಿ ಇಳಿಯುತ್ತದೆ. ಅದರೊಡನೆ ಗುದ್ದಾಡದೆ, ಅದಕ್ಕೆ ಮಣಿಯದೆ, ಕುಳಿತು ನೋಡುತ್ತ ಇಳಿಯಗೊಟ್ಟರೆ ಸಾಕು ಎಂದರು. ಆ ಅಲೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಗ್ಗುತ್ತದೆ ಎನ್ನುತ್ತಾರೆ ಆಪ್ತಸಮಾಲೋಚಕರು. ಮುಹೂರ್ತದ ಲೆಕ್ಕ ಅದಕ್ಕಿಂತ ಸ್ವಲ್ಪ ಧಾರಾಳವಾಗಿಯೇ ಇದೆ.

ಅದೇ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರ ನಡುವೆ ಹೆಂಡದ ಮಾರಯ್ಯನೆಂಬ ವಚನಕಾರನಿದ್ದ. ಹೆಂಡ ಮಾರುವುದು ಅವನ ಕಾಯಕ. ಕುಡಿಯಲು ಬಂದವರಿಗೇ ಕುಡಿತದ ಕೇಡನ್ನು ತಿಳಿಹೇಳುತ್ತಿದ್ದನೆಂದು ಅವನ ಕಥೆ. ಅಂಗಡಿಯವನೇ ಬುದ್ಧಿ ಹೇಳಿದ ಈ ಕಥೆಯಲ್ಲಿ ಒಂದು ಜಾಣತನವಿದೆ: ಕುಡುಕನ ಮಾತು ಕುಡಿತವನ್ನು ಹತ್ತಿರದಿಂದ ಬಲ್ಲವನಿಗೆ ಅರ್ಥವಾಗುವಷ್ಟು ದೂರ ನಿಂತ ಉಪದೇಶಕನಿಗೆ ಆಗದು. 1935ರಲ್ಲಿ ಅಮೆರಿಕದ ಆ್ಯಕ್ರನ್ ಪಟ್ಟಣದಲ್ಲಿ ಬಿಲ್ ವಿಲ್ಸನ್ ಎಂಬ ಷೇರುಪೇಟೆಯವನೂ ಬಾಬ್ ಸ್ಮಿತ್ ಎಂಬ ವೈದ್ಯನೂ, ಇಬ್ಬರೂ ಕುಡಿತದಿಂದ ಬೆಂದವರು, ಪರಸ್ಪರ ಮಾತಾಡಿಕೊಂಡೇ ಬಿಟ್ಟು 'ಆಲ್ಕೊಹಾಲಿಕ್ಸ್ ಅನಾನಿಮಸ್' ಕೂಟವನ್ನು ಹುಟ್ಟುಹಾಕಿದ್ದು ಇದೇ ತಿಳಿವಿನ ಮೇಲೆ.

ಹಾಸನ ಸೀಮೆಯ ಕುಡಿತಕ್ಕೆ ತನ್ನದೇ ಭೂಗೋಳವಿದೆ. ಬೇಲೂರಿನ ಪಡುವಣ ಭಾಗ ಕಾಫಿ ತೋಟಗಳ ಮಲೆನಾಡು. ಅಲ್ಲಿ ಮಳೆ, ಚಳಿ, ವಾರದ ಬಟವಾಡೆ. ಅರಸೀಕೆರೆ ರಾಗಿ, ತೆಂಗು, ಕೊಬ್ಬರಿಗಳ ಬಯಲುಸೀಮೆ, ಜೊತೆಗೆ ರೈಲು ಜಂಕ್ಷನ್. ಹಳೇಬೀಡು ಎರಡರ ನಡುವೆ. ಹಳೆಯ ಮೈಸೂರಿನಲ್ಲಿ ಹೆಂಡವೆಂದರೆ ಬಹುಪಾಲು ಈಚಲು ಮರದ್ದು. ಭಟ್ಟಿ ಇಳಿಸಿದ್ದು ಸಾರಾಯಿ. ಎರಡನ್ನೂ ಸರ್ಕಾರ ಅಬ್ಕಾರಿ ಗುತ್ತಿಗೆಗೆ ಕೊಡುತ್ತಿತ್ತು, ಅದು ಸಂಸ್ಥಾನದ ದೊಡ್ಡ ಆದಾಯಗಳಲ್ಲೊಂದು. ಹೀಗೆ ಕುಡಿತ ಬಿಡಿಸಬೇಕಾದ ಸರ್ಕಾರವೇ ಕುಡಿತದ ಕಾಸಿನ ಮೇಲೆ ನಿಂತಿತು. ಅಲ್ಲಿಂದ ಇಲ್ಲಿಯವರೆಗೆ ಪಾನನಿಷೇಧದ ಕಾನೂನುಗಳು ಬಂದದ್ದು ಹೋದದ್ದಕ್ಕೆಲ್ಲ ಹಿನ್ನೆಲೆ ಇದೇ.

ಕಾನೂನಿನ ಆಚೆಗೆ ನೋಡಿದವರು ಗಾಂಧೀಜಿ. 1941ರಲ್ಲಿ ಅವರು ಬರೆದ 'ರಚನಾತ್ಮಕ ಕಾರ್ಯಕ್ರಮ' ಎಂಬ ಕಿರುಹೊತ್ತಗೆಯಲ್ಲಿ ಕೋಮು ಸೌಹಾರ್ದ ಮತ್ತು ಅಸ್ಪೃಶ್ಯತಾ ನಿವಾರಣೆಯ ನಂತರ ಮೂರನೆಯ ಸ್ಥಾನ ಪಾನನಿರೋಧಕ್ಕೆ. ಅದನ್ನು ಓದಿದರೆ ಅಚ್ಚರಿಯಾಗುತ್ತದೆ. ಪೊಲೀಸರಿಗಿಂತ ಮಿಗಿಲಾಗಿ ಅವರು ನೆಚ್ಚಿದ್ದು ಹೆಂಗಸರನ್ನು, ವಿದ್ಯಾರ್ಥಿಗಳನ್ನು, ವೈದ್ಯರನ್ನು. ದಣಿದು ಬರುವ ಕೂಲಿಕಾರ ಕಾಲು ಚಾಚಿ ಕೂರಲು, ಅಗ್ಗದಲ್ಲಿ ಒಳ್ಳೆಯ ತಿಂಡಿ ತಿನ್ನಲು, ಏನಾದರೂ ಆಟವಾಡಲು ಅನುಕೂಲವಾಗುವ ವಿಶ್ರಾಂತಿ ಮನೆಗಳನ್ನು ತೆರೆಯಿರಿ ಎಂದು ಅವರು ಕಾಂಗ್ರೆಸ್ ಸಮಿತಿಗಳಿಗೆ ಸೂಚಿಸಿದರು. ಹೆಂಡದಂಗಡಿ ಮುಚ್ಚಿಸುವ ಗದ್ದಲದಲ್ಲಿ ಈ ಮಾತು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ. ಸಂಜೆಯನ್ನು ಕಸಿದುಕೊಂಡರೆ ಸಾಲದು, ಬದಲಿಗೆ ಇನ್ನೊಂದು ಸಂಜೆಯನ್ನು ಕೊಡಬೇಕು ಎಂಬ ವಿವೇಕ ಅದರಲ್ಲಿತ್ತು.

ಈ ವಿಚಾರದ ಒಂದು ಕವಲು ಅರಸೀಕೆರೆಗೆ ಬಂತು. 1944ರ ಫೆಬ್ರವರಿಯಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿ ತೀರಿಕೊಂಡ ಕಸ್ತೂರಬಾ ಅವರ ಹೆಸರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸ್ಮಾರಕ ಟ್ರಸ್ಟು, ಹಳ್ಳಿಯ ಹೆಂಗಸರು ಮತ್ತು ಮಕ್ಕಳ ಕ್ಷೇಮಕ್ಕಾಗಿ ಗ್ರಾಮಸೇವಿಕೆಯರನ್ನು ತರಬೇತುಗೊಳಿಸಿ ಕಳಿಸುವ ಕೆಲಸ ಹಿಡಿಯಿತು. ಅದರ ಕರ್ನಾಟಕ ಶಾಖೆ ಅರಸೀಕೆರೆಯ ಕಸ್ತೂರಬಾ ಗ್ರಾಮದಲ್ಲಿ ನೆಲೆಯೂರಿತು. ಅದನ್ನು ಬೆಳೆಸಿದವರಲ್ಲಿ ಮುಖ್ಯರು ಯಶೋಧರಮ್ಮ ದಾಸಪ್ಪ. 1905ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇವರು ಸಮಾಜಸೇವಕ ಕೆ.ಎಚ್. ರಾಮಯ್ಯನವರ ಮಗಳು, ನೆಹರೂ ಸಂಪುಟದಲ್ಲಿದ್ದ ಎಚ್.ಸಿ. ದಾಸಪ್ಪನವರ ಪತ್ನಿ. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು. 1962ರಲ್ಲಿ ಎಸ್.ಆರ್. ಕಂಠಿಯವರ ಸಂಪುಟದಲ್ಲೂ ಆಮೇಲೆ ನಿಜಲಿಂಗಪ್ಪನವರ ಸಂಪುಟದಲ್ಲೂ ಸಚಿವರಾಗಿದ್ದರು.

ಏಕೀಕರಣದ ಹೊತ್ತಿಗೆ ರಾಜ್ಯದ ಒಂದೊಂದು ಭಾಗದಲ್ಲಿ ಒಂದೊಂದು ಕಾನೂನು. ಮುಂಬಯಿ ಕರ್ನಾಟಕಕ್ಕೆ ಮುಂಬಯಿಯ ನಿಷೇಧ, ದಕ್ಷಿಣ ಕನ್ನಡಕ್ಕೆ ಮದರಾಸಿನದು. ಅವನ್ನೆಲ್ಲ ಒಂದು ಮಾಡಲು 1961ರಲ್ಲಿ ಮೈಸೂರು ಪಾನನಿರೋಧ ಕಾಯಿದೆ ಬಂತು. ಅದು ದಶಕವನ್ನೂ ದಾಟಲಿಲ್ಲ. ಕಳ್ಳಭಟ್ಟಿ ಹೆಚ್ಚಿತು, ಬೊಕ್ಕಸ ಸೊರಗಿತು ಎಂಬ ಕಾರಣಗಳನ್ನು ಮುಂದಿಟ್ಟು 1960ರ ದಶಕದ ಕೊನೆಯಲ್ಲಿ ಸರ್ಕಾರ ನಿಷೇಧವನ್ನು ಸಡಿಲಿಸಿತು. ಯಶೋಧರಮ್ಮ ಅದನ್ನು ಪ್ರತಿಭಟಿಸಿ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ತತ್ತ್ವಕ್ಕಾಗಿ ಕುರ್ಚಿ ಬಿಟ್ಟವರ ಸಾಲಿನಲ್ಲಿ ಇವರ ಹೆಸರನ್ನು ಈಗ ಯಾರೂ ಎತ್ತುವುದಿಲ್ಲ. 1972ರಲ್ಲಿ ಪದ್ಮಭೂಷಣ ಬಂತು. ನಿಷೇಧ ಮರಳಲಿಲ್ಲ.

ಅವರು ಗೆದ್ದಿದ್ದರೆ ಏನಾಗುತ್ತಿತ್ತು? ಹೇಳುವುದು ಕಷ್ಟ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಸಾರಾಯಿಗೆ ಕೂಲಿಯನ್ನೆಲ್ಲ ಸುರಿಯುತ್ತಿದ್ದ ಮನೆಗಳ ಹೆಂಗಸರು ನಿಟ್ಟುಸಿರು ಬಿಟ್ಟರು. ಕುಡಿಯುತ್ತಿದ್ದವರಲ್ಲಿ ಅನೇಕರು ಅಗ್ಗದ ಬಾಟಲಿ ಮದ್ಯಕ್ಕೆ ಬದಲಾದರು. ಆ ನಿಟ್ಟುಸಿರು ಸುಳ್ಳಲ್ಲ, ಆದರೆ ಅಲ್ಪಾಯುಷಿಯಾಗಿತ್ತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಅಂಗಡಿ ಮುಚ್ಚಿದರೆ ಹೊಸದಾಗಿ ಅಂಟಿಸಿಕೊಳ್ಳುವವರು ಕಡಿಮೆಯಾಗಬಹುದು. ಅದಾಗಲೇ ಅಂಟಿಸಿಕೊಂಡವನ ಕೈ ನಡುಕವನ್ನು ಕಾನೂನು ನಿಲ್ಲಿಸಲಾರದು.

ಆ ನಡುಕ ವೈದ್ಯರ ವಿಷಯ. ಅಲ್ಲಿಗೆ ಬರಲು ಸಮಾಜಕ್ಕೆ ನೂರು ವರ್ಷ ಹಿಡಿಯಿತು. ಬ್ರಿಟಿಷರ ಕಾಲದ ಹುಚ್ಚರ ಆಸ್ಪತ್ರೆಗಳ ದಫ್ತರಗಳಲ್ಲಿ ಕಾಯಿಲೆಗೆ ಕಾರಣವೆಂದು ಎದ್ದು ಕಾಣುತ್ತಿದ್ದ ಪದ ಗಾಂಜಾ. 1893-94ರಲ್ಲಿ ವಿಚಾರಣೆ ನಡೆಸಿದ ಭಾರತೀಯ ಗಾಂಜಾ ಆಯೋಗ ಆ ದಾಖಲೆಗಳನ್ನು ಕೆದಕಿದಾಗ, ಹಿಡಿದು ತಂದ ಪೊಲೀಸರು ವಿಚಾರಿಸದೆ ಬರೆಸಿದ ಕಾರಣಗಳೇ ಹೆಚ್ಚೆಂದು ಬೆಳಕಿಗೆ ಬಂತು. ಬೆಂಗಳೂರಿನ ಹುಚ್ಚರ ಆಸ್ಪತ್ರೆ ಮಾನಸಿಕ ಆಸ್ಪತ್ರೆಯಾಗಿ, ಡಾ. ಎಂ.ವಿ. ಗೋವಿಂದಸ್ವಾಮಿಯವರ ಕಾಲದಲ್ಲಿ ಬೆಳೆದು, 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಸಂಸ್ಥೆ ಸೇರಿ, 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಕನ್ನಡ ಓದುಗರಿಗೆ ಈ ಲೋಕದ ಬಾಗಿಲು ತೆರೆದವರು 'ಕೊರವಂಜಿ'ಯ ರಾಶಿ, ಅಂದರೆ ಡಾ. ಎಂ. ಶಿವರಾಂ. ನಗಿಸುವುದಕ್ಕೆ ಹೆಸರಾದ ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮನೋವಿಜ್ಞಾನದ 'ಮನಮಂಥನ'ಕ್ಕೆ. ಮುಂದೆ ನಿಮ್ಹಾನ್ಸಿನ ಡಾ. ಸಿ.ಆರ್. ಚಂದ್ರಶೇಖರ್ ಆ ಹಾದಿಯನ್ನು ರಸ್ತೆಯನ್ನೇ ಮಾಡಿದರು.

ವೈದ್ಯರು ಕಲಿಸಿದ ಮೊದಲ ಪಾಠ ಜೀವ ಉಳಿಸುವಂಥದು. ವರ್ಷಗಟ್ಟಲೆ ದಿನವೂ ಕುಡಿದವನು ದಿಢೀರನೆ ನಿಲ್ಲಿಸಿದರೆ ಮೊದಲು ಕೈ ನಡುಕ, ಬೆವರು, ನಿದ್ದೆಗೇಡು. ಕೆಲವರಿಗೆ ಫಿಟ್ಸ್. ಎರಡು ಮೂರು ದಿನಗಳಲ್ಲಿ ಇಲ್ಲದ್ದು ಕಂಡು, ಇಲ್ಲದ್ದು ಕೇಳಿ ಕೂಗಾಡುವ ಸನ್ನಿ. ಚಿಕಿತ್ಸೆಯಿಲ್ಲದಿದ್ದರೆ ಈ ಸನ್ನಿಯಲ್ಲಿ ಸಾವೂ ಬರಬಹುದು. ಊರವರು ಇದನ್ನು ದೆವ್ವ ಮೆಟ್ಟಿತೆಂದೋ, 'ಕುಡಿಯದಿದ್ದರೆ ಸಾಯುತ್ತಾನೆ, ಸ್ವಲ್ಪ ಕೊಡಿ' ಎಂದೋ ತಿಳಿದರೆ ಆಶ್ಚರ್ಯವಿಲ್ಲ. ನಿಲ್ಲಿಸುವ ಮೊದಲ ವಾರ ವೈದ್ಯರ ಕಣ್ಣೆದುರು ಕಳೆಯಬೇಕೆನ್ನುವುದು, ಬಿ1 ಜೀವಸತ್ವ ಕೊಡುವುದು ಇದಕ್ಕಾಗಿ. ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸಿದರೆ ಕುಡಿತ ಬಿಡುತ್ತದೆಂದು ಗೋಡೆಗಳ ಮೇಲೆ ಬರೆಸುವ ಪುಡಿಗಳ ವ್ಯಾಪಾರ ಇದರ ತದ್ವಿರುದ್ಧ. ಬಿಡಬೇಕಾದವನಿಗೇ ತಿಳಿಯದಂತೆ ಬಿಡಿಸುವುದು ಸಾಧ್ಯವೆಂಬ ಆಸೆಯನ್ನು ಅದು ಹೆಂಡಂದಿರಿಗೆ ಮಾರುತ್ತದೆ.

ಎರಡನೆಯ ಪಾಠ ಮನೆಯವರದು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ರೋಗಿಗಳ ಬಂಧುಗಳನ್ನೂ ಆವರಣದಲ್ಲಿ ಡೇರೆ ಹಾಕಿ ಇರಿಸಿಕೊಂಡರು. ಬೆಂಗಳೂರಿನಲ್ಲೂ ಕುಟುಂಬ ವಾರ್ಡುಗಳು ಬಂದವು. ರೋಗಿಯನ್ನು ಬಿಟ್ಟುಹೋಗುವ ಜಾಗವಾಗಿದ್ದ ಆಸ್ಪತ್ರೆ ಜೊತೆಯಲ್ಲಿದ್ದು ಕಲಿಯುವ ಜಾಗವಾಯಿತು. ಗಂಡ ಸಿಡುಕುವುದು ಯಾವಾಗ, ಅವನ ಕಿಸೆಗೆ ಹಣ ಬರುವುದು ಯಾವ ದಿನ, ಯಾವ ಗೆಳೆಯ ಬಂದರೆ ಬಾಗಿಲು ಹಾಕಬೇಕು ಎಂಬುದು ವೈದ್ಯರಿಗಿಂತ ಹೆಂಡತಿಗೆ ಗೊತ್ತು. ಅವಳ ನಿದ್ದೆ, ಅವಳ ಭಯಕ್ಕೂ ಚಿಕಿತ್ಸೆ ಬೇಕು ಎಂಬುದು ಮಾತ್ರ ತಡವಾಗಿ ಹೊಳೆಯಿತು.

ಆಸ್ಪತ್ರೆ ಎಷ್ಟೇ ದೊಡ್ಡದಾದರೂ ಹಳ್ಳಿಗೆ ದೂರ. ಹಳ್ಳಿಗೇ ಹೋದ ಎರಡು ಪ್ರಯತ್ನಗಳನ್ನು ಇಲ್ಲಿ ನೆನೆಯಬೇಕು. ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಓಣಿ ಓಣಿ ಸುತ್ತಲು ಹೊರಟರು. ಅವರು ಬೇಡಿದ ಭಿಕ್ಷೆ ಕಾಳಲ್ಲ, ಕಾಸಲ್ಲ. ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿ ಎಂದರು. 'ಮಹಾಂತ ಜೋಳಿಗೆ'ಯೆಂದೇ ಅದು ಹೆಸರಾಯಿತು. ಊರೆಲ್ಲ ನೋಡುತ್ತಿರುವಾಗ ಜೋಳಿಗೆಗೆ ಹಾಕಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ನಾಚಿಕೆ ಅಡ್ಡ ಬರುತ್ತದೆ. ಬಸದಿಯಲ್ಲಿ ಗುರುವಿನೆದುರು ನುಡಿದ ವ್ರತಕ್ಕೂ ಇದಕ್ಕೂ ಬಂಧುತ್ವ ಕಾಣದಿರದು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.

ಇನ್ನೊಂದು ಪ್ರಯತ್ನ ಶಿಬಿರಗಳದು. ಮದರಾಸಿನಲ್ಲಿ ಶಾಂತಿ ರಂಗನಾಥನ್ 1980ರಲ್ಲಿ ಆರಂಭಿಸಿದ ವ್ಯಸನ ಚಿಕಿತ್ಸಾ ಸಂಸ್ಥೆ 1989ರಲ್ಲಿ ಮಂಜಕ್ಕುಡಿ ಎಂಬ ಹಳ್ಳಿಯಲ್ಲಿ ಊರವರ ನೆರವಿನಿಂದಲೇ ಚಿಕಿತ್ಸಾ ಶಿಬಿರ ನಡೆಸಿತು. ಕರ್ನಾಟಕದಲ್ಲಿ 1990ರ ದಶಕದಿಂದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಡೆಸಿದ ಮದ್ಯವರ್ಜನ ಶಿಬಿರಗಳ ಸಂಖ್ಯೆ ಸಾವಿರವನ್ನು ದಾಟಿತು. ಕರಾವಳಿಯಲ್ಲಿ ಮೊದಲಾದ ಇವು ಘಟ್ಟ ಹತ್ತಿ ಹಾಸನ ಜಿಲ್ಲೆಗೂ ಬಂದವು. ಎಂಟು ದಿನ, ಕಲ್ಯಾಣಮಂಟಪವೋ ಸಮುದಾಯ ಭವನವೋ, ಊರಿನ ಪ್ರಮುಖರದೇ ವ್ಯವಸ್ಥಾಪನಾ ಸಮಿತಿ. ಮದುವೆ ಊಟಕ್ಕೆ ಬಂದು ಕುಡಿದು ಬಿದ್ದ ಅದೇ ಮಂಟಪದಲ್ಲಿ ಚಾಪೆ ಹಾಸಿಕೊಂಡು, ಬೆಳಿಗ್ಗೆ ವ್ಯಾಯಾಮ, ಹೊತ್ತಿಗೆ ಸರಿಯಾಗಿ ಊಟ, ಮಧ್ಯಾಹ್ನ ಆಪ್ತಸಮಾಲೋಚನೆ, ಸಂಜೆ ಭಜನೆ. ಕೊನೆಕೊನೆಗೆ ಮನೆಯವರನ್ನು ಕರೆಸುತ್ತಾರೆ. ಹೆಂಡತಿ ಮಕ್ಕಳ ಎದುರು ಗಂಡಸರು ಅಳುವುದನ್ನು ಕಂಡ ಹಳ್ಳಿಯವರು ಅದನ್ನು ಬೇಗ ಮರೆಯುವುದಿಲ್ಲ.

ಶಿಬಿರಗಳ ಬಗ್ಗೆ ಅನುಮಾನ ಪಡುವವರಿದ್ದಾರೆ, ಅದು ನ್ಯಾಯವೂ ಹೌದು. ತೀವ್ರವಾದ ಸನ್ನಿ, ಯಕೃತ್ತಿನ ಕಾಯಿಲೆ, ಆತ್ಮಹತ್ಯೆಯ ಯೋಚನೆ ಇರುವವರಿಗೆ ಮಂಟಪ ಸಾಲದು, ಆಸ್ಪತ್ರೆಯೇ ಬೇಕು. ಭಜನೆ ಒಗ್ಗದವರೂ ಉಂಟು. ಎಂಟು ದಿನದ ಹುರುಪು ಒಂಬತ್ತನೆಯ ದಿನಕ್ಕೆ ಇಳಿಯಬಹುದು. ಶಿಬಿರದ ನಿಜವಾದ ಬಲ ಕಾಣುವುದು ಅಲ್ಲಿಂದ ಮುಂದಕ್ಕೆ. ಹೊರಬಂದವರು ಸೇರಿ ನವಜೀವನ ಸಮಿತಿ ಕಟ್ಟಿಕೊಳ್ಳುತ್ತಾರೆ. ಗೊತ್ತಾದ ದಿನ ಒಂದೆಡೆ ಕೂಡುತ್ತಾರೆ. ನೂರು ದಿನ ತುಂಬಿದಾಗ ಶತದಿನೋತ್ಸವ. ಮಗುವಿಗೆ ತಿಂಗಳು ತುಂಬಿದಾಗ ಲೆಕ್ಕ ಹಾಕಿದಂತೆ ದಿನಗಳನ್ನು ಎಣಿಸುತ್ತಾರೆ. ಈ ಕೂಟಗಳಲ್ಲಿ ಕೈದಾಟುವ ಉಪಾಯಗಳು ತೀರ ಸಾಮಾನ್ಯವಾದವು. ಹಸಿದಿರಬೇಡ, ಸಿಟ್ಟನ್ನು ಹೊತ್ತುಕೊಂಡಿರಬೇಡ, ಒಂಟಿಯಾಗಿರಬೇಡ, ದಣಿವನ್ನು ಕಡೆಗಣಿಸಬೇಡ. ಬಟವಾಡೆಯ ಹಣ ನೇರವಾಗಿ ಮನೆಗೆ. ಅಂಗಡಿಯಿರುವ ದಾರಿ ಬಿಟ್ಟು ಇನ್ನೊಂದು ದಾರಿ. ಮನಸ್ಸು ಎಳೆದಾಗ ಮೊದಲು ಒಂದು ಚೊಂಬು ನೀರು, ಆಮೇಲೆ ಬಿಟ್ಟವನೊಬ್ಬನಿಗೆ ಫೋನು. ಸಂಜೆ ಹಸುವಿನ ಮೈ ತೊಳೆಯುವುದೋ, ಮಕ್ಕಳ ಪಾಠವೋ, ಕೋಲಾಟವೋ, ಏನಾದರೊಂದು. ನಿದ್ದೆಗೆ ಹೊತ್ತು ಗೊತ್ತುಮಾಡಿಕೊಳ್ಳುವುದು.

ಮತ್ತೆ ಬಿದ್ದವರ ವಿಷಯದಲ್ಲಿ ಊರು ಇನ್ನೂ ಕಲಿಯುತ್ತಿದೆ. ಆರು ತಿಂಗಳು ಬಿಟ್ಟವನು ಜಾತ್ರೆಯಲ್ಲಿ ಒಮ್ಮೆ ಕುಡಿದರೆ 'ನಾಯಿ ಬಾಲ ಡೊಂಕೇ' ಎಂಬ ಮಾತು ಸಿದ್ಧವಾಗಿರುತ್ತದೆ. ಆ ಮಾತು ಕೇಳಿದವನು ಮತ್ತಷ್ಟು ಕುಡಿಯುತ್ತಾನೆ. ಮರಳಿ ಬೀಳುವುದು ಈ ಕಾಯಿಲೆಯ ಲಕ್ಷಣಗಳಲ್ಲೊಂದು, ಸಕ್ಕರೆ ಕಾಯಿಲೆಯವನಿಗೆ ಸಕ್ಕರೆ ಏರಿದಂತೆ ಎಂದು ವೈದ್ಯರು ಹೇಳುತ್ತ ಬಂದಿದ್ದಾರೆ. ಬಿದ್ದವನು ಮರುದಿನವೇ ಕೂಟಕ್ಕೋ ಆಸ್ಪತ್ರೆಗೋ ಬರುವಂತಿರಬೇಕು. ಮುರಿದ ವ್ರತವನ್ನು ಮರಳಿ ಹಿಡಿಯಲು ಬಸದಿಯಲ್ಲಿ ದಾರಿಯಿತ್ತು. ಅರಳಿಕಟ್ಟೆಯಲ್ಲಿ ಕೂತವರ ಬಾಯಲ್ಲಿ ಆ ದಾರಿ ಇನ್ನೂ ತೆರೆದಿಲ್ಲ.

ಸೌಲಭ್ಯಗಳು ಬಂದಿಲ್ಲವೆನ್ನುವಂತಿಲ್ಲ. 1985ರಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಪ್ರಯೋಗಿಸಿ ನೋಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ರಾಷ್ಟ್ರದ ಕಾರ್ಯಕ್ರಮವಾಯಿತು. 2014ರಲ್ಲಿ ಬಂದ 'ಮನೋಚೈತನ್ಯ' ಯೋಜನೆ ಮಂಗಳವಾರಗಳಂದು ಮನೋವೈದ್ಯರನ್ನು ತಾಲೂಕು ಆಸ್ಪತ್ರೆಗೆ ಕರೆತಂದಿತು. 2022ರ ಅಕ್ಟೋಬರಿನಿಂದ 14416ಕ್ಕೆ ಫೋನು ಮಾಡಿದರೆ ಟೆಲಿಮಾನಸ್ ಸಮಾಲೋಚಕರು ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ. ಆದರೂ ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ ಮೂವತ್ತೆಂಟು ಮಂದಿಯಲ್ಲಿ ಯಾವುದಾದರೊಂದು ಚಿಕಿತ್ಸೆ ಪಡೆದವನು ಒಬ್ಬ. ಉಳಿದ ಮೂವತ್ತೇಳು ಮಂದಿಯ ಪಾಲಿಗೆ ಮನೋವೈದ್ಯರ ಮಂಗಳವಾರವೂ ಸಂತೆಯ ದಿನದಂತೆಯೇ ಕಳೆದುಹೋಗುತ್ತದೆ, ಸಂಜೆ ಆರಕ್ಕೆ ಅಂಗಡಿಯ ದೀಪ ಹತ್ತುತ್ತದೆ.